ಮೂವತ್ತೇಳು ದಿನದ ಚಾರ್ಟು

ಹತ್ತನೇ ಕ್ಲಾಸಿನ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು. "ಮೊದಲನೇ ಮಹಾಯುದ್ಧಕ್ಕೆ ತಕ್ಷಣದ ಕಾರಣ, ಆಸ್ಟ್ರಿಯಾದ ರಾಜಕುಮಾರನ ಕೊಲೆ" ಅಂತ ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡಳು. ಐದನೇ ಸಲಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ತಾತಾ, ಕೊಲೆ ಆಗಿದ್ದು 1914ರ ಜೂನ್ 28. ಇಂಗ್ಲೆಂಡ್ ಯುದ್ಧಕ್ಕೆ ಇಳಿದಿದ್ದು ಆಗಸ್ಟ್ 4. ಅಲ್ಲಿವರೆಗೂ ಎಲ್ಲರೂ ಏನ್ ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. "ತಯಾರಿ ಮಾಡ್ಕೋತಿದ್ರು ಕಣಮ್ಮ" ಅಂದು ಜಾರಿಕೊಂಡೆ. ಅವಳು ನಂಬಿದಳು. ನನಗೇ ನಂಬಿಕೆ ಬರಲಿಲ್ಲ.

ನಾನು ರೈಲ್ವೆಯವನು. ಸರ್ವೀಸಿನ ಹೆಚ್ಚಿನ ವರ್ಷ ಕಳೆದದ್ದು ಮೈಸೂರು ವಿಭಾಗದ ಕಂಟ್ರೋಲ್ ಆಫೀಸಿನಲ್ಲಿ, ಸೆಕ್ಷನ್ ಕಂಟ್ರೋಲರ್ ಆಗಿ. ಕಾಲೇಜಿನಲ್ಲಿ ಇತಿಹಾಸ ಓದಿದವನಲ್ಲ. ಆದರೆ ಗಾಡಿ ಅರಸೀಕೆರೆ ಬಿಟ್ಟಿದೆ, ಕಡೂರು ಮುಟ್ಟಿಲ್ಲ ಅಂದರೆ ಅದು ಎಲ್ಲಿದೆ ಅಂತ ಹುಡುಕದೆ ನಮ್ಮಂಥವರಿಗೆ ನಿದ್ದೆ ಬರಲ್ಲ. ಇಲ್ಲಿ ಮೂವತ್ತೇಳು ದಿನ ಕಾಣೆಯಾಗಿತ್ತು. ರಿಟೈರ್ ಆಗಿ ಎರಡು ವರ್ಷವಾಗಿತ್ತು. ಬೇರೆ ಕೆಲಸವೂ ಇರಲಿಲ್ಲ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಇಂಗ್ಲಿಷಿನ ದಪ್ಪ ಪುಸ್ತಕವೊಂದನ್ನು ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂತೆ. ಮುಗಿಸುವ ಹೊತ್ತಿಗೆ ಮೊದಲ ಅರ್ಧ ಮರೆತೇ ಹೋಗಿತ್ತು. ವಿಯೆನ್ನಾದ ಮಂತ್ರಿ ಯಾರು, ಬರ್ಲಿನ್ನಿನ ಚಾನ್ಸಲರ್ ಯಾರು, ಎಲ್ಲಾ ಕಲಸುಮೇಲೋಗರ. ಒಂದು ಅಧ್ಯಾಯ ವಿಯೆನ್ನಾದ ಕಥೆಯನ್ನು ಜುಲೈ ಕೊನೆವರೆಗೂ ಹೇಳುತ್ತಿತ್ತು. ಮುಂದಿನ ಅಧ್ಯಾಯ ವಾಪಸ್ ಜುಲೈ ಮೊದಲಿಗೆ ಹೋಗಿ, ಆಗ ರಷ್ಯಾದ ರಾಜಧಾನಿಯಾಗಿದ್ದ ಪೀಟರ್ಸ್‌ಬರ್ಗ್ ಕಥೆ ಶುರು ಮಾಡುತ್ತಿತ್ತು. ಒಂದೊಂದೇ ಗಾಡಿಯ ಕಥೆ ಹೇಳಿದರೆ ಎರಡು ಗಾಡಿಗಳ ಕ್ರಾಸಿಂಗ್ ಎಲ್ಲಿ ಆಯಿತು ಅಂತ ಗೊತ್ತಾಗುವುದು ಹೇಗೆ?

ಹಾಗಾಗಿ ಕಂಟ್ರೋಲ್ ಚಾರ್ಟ್ ಹಾಕಿಬಿಡೋಣ ಅನ್ನಿಸಿತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಚಾರ್ಟಿನಲ್ಲಿ ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನು. ಪ್ರತಿ ಗಾಡಿಯೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಗಾಡಿ ಜೋರು. ಗೆರೆ ಅಡ್ಡಕ್ಕೆ ಮಲಗಿದರೆ ಗಾಡಿ ನಿಂತಿದೆ ಅಂತ. ನಾನು ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಹಾಲಿನ ಗೋಡೆಯುದ್ದ ಒಂದು ಸುರುಳಿ ಮಾಡಿದೆ. ಸ್ಟೇಷನ್ ಜಾಗದಲ್ಲಿ ಬೆಲ್‌ಗ್ರೇಡ್, ವಿಯೆನ್ನಾ, ಬರ್ಲಿನ್, ಪೀಟರ್ಸ್‌ಬರ್ಗ್, ಪ್ಯಾರಿಸ್, ಬ್ರಸೆಲ್ಸ್, ಲಂಡನ್. ಗಾಡಿ ಜಾಗದಲ್ಲಿ ಟೆಲಿಗ್ರಾಂ. ಯಾವ ಸುದ್ದಿ ಎಲ್ಲಿಂದ ಎಷ್ಟು ಗಂಟೆಗೆ ಹೊರಟಿತು, ಎಲ್ಲಿಗೆ ಎಷ್ಟು ಗಂಟೆಗೆ ಮುಟ್ಟಿತು, ಅಷ್ಟೇ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಬರೆಯಲು ಜಾಗವನ್ನೇ ಬಿಡಲಿಲ್ಲ. ನಮ್ಮವಳು ಗೋಡೆ ನೋಡಿ, "ರಿಟೈರ್ ಆದಮೇಲೂ ಡ್ಯೂಟಿನಾ?" ಅಂದಳು.

ಮಾಹಿತಿಗೆ ಬರವಿಲ್ಲ. ಯುದ್ಧ ಶುರುವಾದ ಕೂಡಲೇ ಪ್ರತಿ ಸರ್ಕಾರವೂ ತಪ್ಪು ನಮ್ಮದಲ್ಲ ಅಂತ ತೋರಿಸಲು ತನ್ನ ಕಾಗದಪತ್ರಗಳನ್ನು ಅಚ್ಚು ಹಾಕಿಸಿತು. ಬ್ರಿಟನ್ನಿನದು ನೀಲಿ ಪುಸ್ತಕ, ಜರ್ಮನಿಯದು ಬಿಳಿ, ರಷ್ಯಾದ್ದು ಕಿತ್ತಳೆ, ಫ್ರಾನ್ಸಿನದು ಹಳದಿ, ಬೆಲ್ಜಿಯಂನದು ಬೂದು, ಆಸ್ಟ್ರಿಯಾದ್ದು ಕೆಂಪು. ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಯುದ್ಧ ಮುಗಿದ ಮೇಲೆ 1919ರಲ್ಲಿ ಜರ್ಮನರು ತಮ್ಮ ವಿದೇಶಾಂಗ ಇಲಾಖೆಯ ಕಡತಗಳನ್ನೇ ಹೊರಹಾಕಿದರು. ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್ ಟೆಲಿಗ್ರಾಂಗಳ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳೂ ಅದರಲ್ಲಿವೆ. ಆ ಮನುಷ್ಯನಿಗೆ ಖಾಲಿ ಅಂಚು ಕಂಡರೆ ಆಗುತ್ತಿರಲಿಲ್ಲ ಅಂತ ಕಾಣುತ್ತದೆ.

ಮೊದಲ ವಾರದಲ್ಲೇ ಎಡವಿದೆ. ರಷ್ಯಾದ ಚಕ್ರವರ್ತಿ ಪೂರ್ತಿ ಸೈನ್ಯದ ಜಮಾವಣೆಗೆ ಆಜ್ಞೆ ಕೊಟ್ಟಿದ್ದು ಜುಲೈ 17 ಅಂತ ಒಂದು ಕಡೆ ಓದಿ, ಕೆಂಪು ಪೆನ್ಸಿಲ್ಲಿನಲ್ಲಿ ದಪ್ಪಗೆ ಎಳೆದೆ. ಕೊಲೆಯ ಹಿಂದೆ ಸರ್ಬಿಯಾ ಇದೆ ಅಂತ ಆಸ್ಟ್ರಿಯಾ ಅದಕ್ಕೆ ಗಡುವಿನ ಪತ್ರ ಕೊಟ್ಟಿದ್ದು 23ಕ್ಕೆ. ಅಂದರೆ ಅದಕ್ಕೂ ಆರು ದಿನ ಮೊದಲೇ ರಷ್ಯಾ ಯುದ್ಧಕ್ಕೆ ಹೊರಟಿತ್ತಾ? ಸಿಕ್ಕಿಬಿದ್ದ ಕಳ್ಳ! ಹದಿನೈದು ದಿನ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದೆ. ವಾಕಿಂಗಿಗೆ ಬರುವ ಗೆಳೆಯರು ನನ್ನ ಕಂಡರೆ ರಸ್ತೆ ದಾಟುತ್ತಿದ್ದರು. ಆಮೇಲೆ ಗೊತ್ತಾಯಿತು, ಆಗ ರಷ್ಯಾದಲ್ಲಿ ಹಳೇ ಪಂಚಾಂಗ ನಡೆಯುತ್ತಿತ್ತು. ನಮ್ಮ ತಾರೀಖಿಗಿಂತ ಹದಿಮೂರು ದಿನ ಹಿಂದೆ. ಅವರ ಜುಲೈ 17 ಅಂದರೆ ನಮ್ಮ 30. ಕೆಂಪು ಗೆರೆಯನ್ನು ರಬ್ಬರ್ ಹಾಕಿ ಉಜ್ಜಿದೆ. ಆ ಕಲೆ ಇವತ್ತಿಗೂ ಚಾರ್ಟಿನ ಮೇಲಿದೆ.

ಗಡಿಯಾರದ್ದೂ ಅದೇ ಕಥೆ. ಬರ್ಲಿನ್, ವಿಯೆನ್ನಾ, ಬೆಲ್‌ಗ್ರೇಡ್ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಪೀಟರ್ಸ್‌ಬರ್ಗ್ ಸುಮಾರು ಎರಡು ಗಂಟೆ ಮುಂದೆ. ಎಲ್ಲವನ್ನೂ ಲಂಡನ್ ಸಮಯಕ್ಕೆ ತಂದಮೇಲೆಯೇ ಚಾರ್ಟ್ ಮಾತಾಡಲು ಶುರು ಮಾಡಿದ್ದು.

ಕೊಲೆ ನಡೆದ ಸರಾಯೆವೊ ಬೆಳಿಗ್ಗೆಯ ಬಗ್ಗೆ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಭಾಗ. ಮೊದಲು ಒಬ್ಬ ಹುಡುಗ ಬಾಂಬ್ ಎಸೆದ, ತಪ್ಪಿತು. ಆಮೇಲೆ ಬದಲಾದ ದಾರಿಯನ್ನು ರಾಜಕುಮಾರನ ಕಾರಿನ ಡ್ರೈವರ್‌ಗೆ ಯಾರೂ ಹೇಳಲಿಲ್ಲ. ಲ್ಯಾಟಿನ್ ಸೇತುವೆ ಹತ್ತಿರ ಕಾರು ತಪ್ಪು ರಸ್ತೆಗೆ ತಿರುಗಿ ನಿಂತಿತು. ಗುಂಡು ಹಾರಿಸಿದ ಹತ್ತೊಂಬತ್ತು ವರ್ಷದ ಗಾವ್ರಿಲೊ ಪ್ರಿನ್ಸಿಪ್ ಅಲ್ಲೇ ಇದ್ದ. ಅವನು ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ನಾನೂ ಅದನ್ನು ಖುಷಿಯಿಂದ ಬರೆದುಕೊಂಡಿದ್ದೆ. ಆ ಕಾಲದ ಯಾವ ಹೇಳಿಕೆಯಲ್ಲೂ ಆ ಸ್ಯಾಂಡ್‌ವಿಚ್ ಇಲ್ಲ. ಅದನ್ನೂ ಅಳಿಸಿದೆ.

ನನಗೆ ಬೇಕಾಗಿದ್ದು ಆಮೇಲಿನ ಖಾಲಿ ಜಾಗ. ಜುಲೈ 5 ಮತ್ತು 6ರಂದು ಒಂದು ದಪ್ಪ ಗೆರೆ ಇದೆ. ವಿಯೆನ್ನಾದಿಂದ ಹೋಯೊಸ್ ಎಂಬ ಅಧಿಕಾರಿ ಬರ್ಲಿನ್ನಿಗೆ ಹೋದ. ನೀವು ಸರ್ಬಿಯಾದ ಮೇಲೆ ಏನೇ ಮಾಡಿದರೂ ನಾವಿದ್ದೇವೆ ಅಂತ ಕೈಸರ್ ಮತ್ತು ಚಾನ್ಸಲರ್ ಬೆಥ್‌ಮನ್ ಹಾಲ್ವೆಗ್ ಮಾತು ಕೊಟ್ಟರು. ಇದನ್ನೇ ಖಾಲಿ ಚೆಕ್ ಅಂತ ಕರೆಯುತ್ತಾರೆ. ಆಮೇಲೆ 6ಕ್ಕೆ ಕೈಸರ್ ಹಡಗು ಹತ್ತಿ ನಾರ್ವೆ ಕಡೆ ವಿಹಾರಕ್ಕೆ ಹೋದ. ಮುಂದೆ ಹದಿನೇಳು ದಿನ ನನ್ನ ಚಾರ್ಟಿನಲ್ಲಿ ಹೆಚ್ಚುಕಡಿಮೆ ಬಿಳಿ ಕಾಗದ.

ಆ ಬಿಳಿ ಕಾಗದವೇ ನನಗೆ ಜಾಸ್ತಿ ಕಲಿಸಿತು. ಗೂಡ್ಸ್ ಗಾಡಿ ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ಸುಮ್ನೆ ನಿಂತಿರಲ್ಲ, ಯಾವುದಕ್ಕೋ ಕಾಯುತ್ತಿರುತ್ತದೆ. ವಿಯೆನ್ನಾ ಯಾವುದಕ್ಕೆ ಕಾಯುತ್ತಿತ್ತು? ಮೂರು ಕಾರಣ ಸಿಕ್ಕವು. ಆಸ್ಟ್ರಿಯಾ ಸಾಮ್ರಾಜ್ಯದ ಇನ್ನರ್ಧವಾದ ಹಂಗೇರಿಯ ಪ್ರಧಾನಿ ಟಿಸಾಗೆ ಯುದ್ಧ ಬೇಡವಾಗಿತ್ತು, ಅವನನ್ನು ಒಪ್ಪಿಸಲು ಜುಲೈ 14 ಆಯಿತು. ಸೈನಿಕರಲ್ಲಿ ತುಂಬಾ ಜನ ಸುಗ್ಗಿ ರಜೆಯಲ್ಲಿದ್ದರು, ಊರಲ್ಲಿ ಕೊಯ್ಲು ಮಾಡುತ್ತಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು. ಸಾಮ್ರಾಜ್ಯದ ಸಿಟ್ಟು ಗೋಧಿ ಕೊಯ್ಲು ಮುಗಿಯಲಿ ಅಂತ ಕಾಯುತ್ತಿತ್ತು!

ಮೂರನೇ ಕಾರಣ ಅಪ್ಪಟ ಟೈಂಟೇಬಲ್. ಫ್ರಾನ್ಸಿನ ಅಧ್ಯಕ್ಷ ಪೊಯಾಂಕಾರೆ 20ರಿಂದ 23ರವರೆಗೆ ರಷ್ಯಾದಲ್ಲಿದ್ದ. ಗಡುವಿನ ಪತ್ರದ ಸುದ್ದಿ ಅವನು ಅಲ್ಲಿರುವಾಗಲೇ ಮುಟ್ಟಿದರೆ ಫ್ರಾನ್ಸು ರಷ್ಯಾ ಎರಡೂ ಕೂತು ಮಾತಾಡಿಬಿಡುತ್ತವೆ. ಅವನು ಹಡಗು ಹತ್ತಿದ ಮೇಲೆ ಕೊಡಬೇಕು. ಪತ್ರವನ್ನು 23ರ ಸಂಜೆ 5ಕ್ಕೆ ಕೊಡುವುದು ಅಂತ ಇತ್ತು. ಹಡಗು ರಾತ್ರಿ 11ಕ್ಕೆ ಹೊರಡುತ್ತದೆ ಅಂತ ಗೊತ್ತಾದ ಮೇಲೆ 6ಕ್ಕೆ ಮುಂದೂಡಿದರು. ಒಂದೇ ಒಂದು ಗಂಟೆ. ಇಷ್ಟು ಲೆಕ್ಕ ಹಾಕಿ ಕೆಲಸ ಮಾಡಿದವರನ್ನು, ಕೆಲವರು ಹೇಳುವಂತೆ, ನಿದ್ದೆಗಣ್ಣಿನಲ್ಲಿ ಯುದ್ಧಕ್ಕೆ ಜಾರಿದರು ಅಂತ ಹೇಳಲು ನನಗೆ ಮನಸ್ಸು ಬರಲ್ಲ.

23ರ ಸಂಜೆ ಬೆಲ್‌ಗ್ರೇಡಿನಲ್ಲಿ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಪತ್ರ ಹಿಡಿದು ಹೋದಾಗ ಸರ್ಬಿಯಾದ ಪ್ರಧಾನಿ ಪಾಶಿಚ್ ಊರಲ್ಲಿರಲಿಲ್ಲ, ಚುನಾವಣಾ ಪ್ರಚಾರಕ್ಕೆ ಹೋಗಿದ್ದ. ಹಣಕಾಸು ಮಂತ್ರಿ ಪಾಚು ಪತ್ರ ತೆಗೆದುಕೊಳ್ಳಬೇಕಾಯಿತು. ಮಂತ್ರಿಗಳೆಲ್ಲ ಊರೂರು ಸುತ್ತುತ್ತಿದ್ದಾರೆ, 48 ಗಂಟೆಯಲ್ಲಿ ಸೇರಿಸುವುದು ಕಷ್ಟ ಅಂದ. ರೈಲು, ಟೆಲಿಗ್ರಾಫ್ ಇರುವ ಕಾಲದಲ್ಲಿ, ಇಷ್ಟು ಚಿಕ್ಕ ದೇಶದಲ್ಲಿ ಅದಕ್ಕೆ ಕೆಲವು ಗಂಟೆ ಸಾಕು ಅಂತ ಗೀಸ್ಲ್ ಉತ್ತರ ಕೊಟ್ಟ. ನಮ್ಮ ಇಲಾಖೆಯನ್ನು ಹೀಗೆಲ್ಲಾ ಬಳಸಿಕೊಂಡರಲ್ಲ ಅನ್ನಿಸಿತು.

ಎರಡು ದಿನದ ಮೇಲಿನ ದೃಶ್ಯ ಇನ್ನೂ ಚೆನ್ನಾಗಿದೆ. ಸರ್ಬಿಯಾದ ಕಚೇರಿಯಲ್ಲಿ ಉತ್ತರವನ್ನು ತಿದ್ದಿ ತಿದ್ದಿ ಟೈಪ್ ಮಾಡುತ್ತಿದ್ದಾರೆ. ಟೈಪ್‌ರೈಟರ್ ಕೆಟ್ಟಿತು. ಕೊನೆಗೆ ಕೈಯಲ್ಲೇ ಬರೆದರು. ಗಡುವು 6 ಗಂಟೆ. ಪಾಶಿಚ್ ತಾನೇ ಹೋಗಿ 6ಕ್ಕೆ ಕೆಲವೇ ನಿಮಿಷ ಇರುವಾಗ ಕೊಟ್ಟ. ಬೇಡಿಕೆಗಳಲ್ಲಿ ಬಹುತೇಕ ಒಪ್ಪಿದಂತೆಯೇ ಬರೆದಿದ್ದರು. ಆರನೆಯದನ್ನು ಮಾತ್ರ, ಅಂದರೆ ಆಸ್ಟ್ರಿಯಾದ ಅಧಿಕಾರಿಗಳು ಸರ್ಬಿಯಾದೊಳಗೆ ಬಂದು ತನಿಖೆಯಲ್ಲಿ ಸೇರುವುದನ್ನು, ಆಗಲ್ಲ ಅಂದಿದ್ದರು. ಗೀಸ್ಲ್ ಒಮ್ಮೆ ಕಣ್ಣಾಡಿಸಿದ. ಸಾಮಾನು ಮೊದಲೇ ಕಟ್ಟಿಯಾಗಿತ್ತು. 6.30ರ ರೈಲು ಹಿಡಿದ. ಉತ್ತರ ಕೈಗೆ ಬಂದು ಅರ್ಧ ಗಂಟೆ ಮೇಲೆ ಸ್ವಲ್ಪ, ಅಷ್ಟರಲ್ಲಿ ರಾಯಭಾರ ಕಚೇರಿಯೇ ಗಾಡಿ ಹತ್ತಿದೆ. ನನ್ನ ಸರ್ವೀಸಿನಲ್ಲಿ ಮದುವೆ ದಿಬ್ಬಣವೇ ಅಷ್ಟು ಬೇಗ ಹತ್ತಿದ್ದು ನೋಡಿಲ್ಲ.

28ನೇ ತಾರೀಖಿನ ಅಂಕಣ ನನ್ನನ್ನು ಒಂದು ವಾರ ಹಿಡಿದಿಟ್ಟಿತು. ಅವತ್ತು ಬೆಳಿಗ್ಗೆ ಕೈಸರ್ ಸರ್ಬಿಯಾದ ಉತ್ತರವನ್ನು ಮೊದಲ ಸಲ ಪೂರ್ತಿ ಓದಿದ. ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಅಂತ ಬರೆದ. ಬೆಲ್‌ಗ್ರೇಡನ್ನು ಮಾತ್ರ ಹಿಡಿದು ಅಲ್ಲೇ ನಿಲ್ಲಲಿ, ಮಾತುಕತೆ ಮಾಡೋಣ ಅಂದ. ಅದೇ ದಿನ ಮಧ್ಯಾಹ್ನದೊಳಗೆ ವಿಯೆನ್ನಾದಿಂದ ಸರ್ಬಿಯಾಕ್ಕೆ ಯುದ್ಧ ಘೋಷಣೆ ಹೊರಟಿತು, ಟೆಲಿಗ್ರಾಂನಲ್ಲಿ. ಕೈಸರ್ ಹೇಳಿದ್ದು ವಿಯೆನ್ನಾ ಕಡೆ ಹೊರಟಿದ್ದು ರಾತ್ರಿ. ಅದೂ ಬೆಥ್‌ಮನ್ ಅದನ್ನು ಮೆತ್ತಗೆ ಮಾಡಿ ಕಳಿಸಿದ. ಎರಡು ಗೆರೆ ಒಂದನ್ನೊಂದು ದಾಟಿಹೋಗಿವೆ. ಕ್ರಾಸಿಂಗ್ ತಪ್ಪಿದೆ. ನೋಡಿದ ಕೂಡಲೇ ನನ್ನ ಕೈ ತಾನೇ ಫೋನಿನ ಕಡೆ ಹೋಯಿತು ಅಂದರೆ ನಗಬೇಡಿ.

ರಷ್ಯಾದ ಕಡೆ 29ರ ರಾತ್ರಿ. ಜನರಲ್ ದೊಬ್ರೊರೊಲ್ಸ್ಕಿ ಜಮಾವಣೆ ಆಜ್ಞೆ ಹಿಡಿದು ಪೀಟರ್ಸ್‌ಬರ್ಗಿನ ಕೇಂದ್ರ ಟೆಲಿಗ್ರಾಫ್ ಕಚೇರಿಗೆ ಹೋಗಿದ್ದಾನೆ. ಬೇರೆ ಟೆಲಿಗ್ರಾಂಗಳನ್ನೆಲ್ಲ ನಿಲ್ಲಿಸಿದ್ದಾರೆ. ಯಂತ್ರಗಳು ಸುಮ್ಮನೆ ಕಾಯುತ್ತಿವೆ. ಸುಮಾರು 9.30ಕ್ಕೆ ಫೋನ್ ಬಂತು: ನಿಲ್ಲಿಸಿ. ಕೈಸರ್‌ನ ಟೆಲಿಗ್ರಾಂ ಓದಿದ ಚಕ್ರವರ್ತಿ ನಿಕೊಲಾಸ್ ಮನಸ್ಸು ಬದಲಿಸಿದ್ದ. ಅವರಿಬ್ಬರೂ ನೆಂಟರು. ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ, "ವಿಲ್ಲಿ", "ನಿಕ್ಕಿ" ಅಂತ ಸಹಿ ಹಾಕಿ ಬರೆಯುತ್ತಿದ್ದರು. ಮಾರನೇ ದಿನ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಜೊನೊವ್ ಹೋಗಿ ಚಕ್ರವರ್ತಿಯನ್ನು ಮತ್ತೆ ಒಪ್ಪಿಸಿದ. ಸೇನಾ ಮುಖ್ಯಸ್ಥ ಯಾನುಷ್ಕೆವಿಚ್‌ಗೆ ಫೋನ್ ಮಾಡಿ, ಈಗ ನಿಮ್ಮ ಫೋನನ್ನು ಒಡೆದುಹಾಕಬಹುದು ಅಂದ. ಮತ್ತೆ ರದ್ದು ಮಾಡಿ ಅಂತ ಯಾರೂ ಹೇಳಬಾರದಲ್ಲ, ಅದಕ್ಕೆ. ಕಂಟ್ರೋಲಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈ ಆಸೆ ಚೆನ್ನಾಗಿ ಅರ್ಥವಾಗುತ್ತದೆ.

ರಷ್ಯಾದ ಜನರಲ್‌ಗಳು ಒಂದು ವಾದ ಮಾಡಿದ್ದರು: ಆಸ್ಟ್ರಿಯಾ ಗಡಿಗೆ ಮಾತ್ರ ಅರ್ಧ ಜಮಾವಣೆ ಮಾಡಿದರೆ, ಆಮೇಲೆ ಪೂರ್ತಿ ಮಾಡಬೇಕಾದಾಗ ರೈಲುಗಳೆಲ್ಲ ಗೋಜಲಾಗುತ್ತವೆ. ಇದು ನೆಪವಲ್ಲ, ನಿಜ. ಅರ್ಧ ಟೈಂಟೇಬಲ್ ಅನ್ನುವುದು ಇಲ್ಲ. ರೇಕು, ಇಂಜಿನ್ನು, ಡ್ರೈವರು, ನೀರು, ಕಲ್ಲಿದ್ದಲು ಎಲ್ಲ ಒಂದಕ್ಕೊಂದು ಕಟ್ಟಿಹಾಕಿಕೊಂಡಿರುತ್ತವೆ.

ಇಲ್ಲಿಗೆ ಬಂದಾಗ ನನ್ನ ತೀರ್ಪು ಸಿದ್ಧವಾಗಿತ್ತು. ಯುದ್ಧ ತಂದದ್ದು ಟೈಂಟೇಬಲ್. ಒಮ್ಮೆ ಹಸಿರು ಬಾವುಟ ತೋರಿಸಿದ ಮೇಲೆ ಯಾರ ಕೈಯಲ್ಲೂ ಏನೂ ಇರಲಿಲ್ಲ. ಈ ಮಾತನ್ನು ದೊಡ್ಡ ಇತಿಹಾಸಕಾರರೂ ಹೇಳಿದ್ದಾರೆ. ರೈಲ್ವೆಯವನಾದ ನನಗೆ ಒಳಗೊಳಗೇ ಹೆಮ್ಮೆ ಕೂಡ, ನೋಡಿ.

ಆಗಸ್ಟ್ 1ರ ಅಂಕಣ ತುಂಬುವಾಗ ಆ ಹೆಮ್ಮೆ ಇಳಿಯಿತು. ಅವತ್ತು ಸಂಜೆ 5ಕ್ಕೆ ಕೈಸರ್ ಜಮಾವಣೆ ಆಜ್ಞೆಗೆ ಸಹಿ ಹಾಕಿದ. ಸ್ವಲ್ಪ ಹೊತ್ತಿಗೆ ಲಂಡನ್ನಿನಿಂದ ರಾಯಭಾರಿ ಲಿಖ್ನೊವ್ಸ್ಕಿಯ ಟೆಲಿಗ್ರಾಂ ಬಂತು. ಜರ್ಮನಿ ಫ್ರಾನ್ಸಿನ ಮೇಲೆ ಬೀಳದಿದ್ದರೆ ಬ್ರಿಟನ್ ಸುಮ್ಮನಿರಬಹುದು ಅನ್ನುವ ಅರ್ಥ ಅದರಲ್ಲಿತ್ತು. ಕೈಸರ್‌ಗೆ ಖುಷಿಯೋ ಖುಷಿ. ಹಾಗಾದರೆ ಪೂರ್ತಿ ಸೈನ್ಯವನ್ನು ಪೂರ್ವಕ್ಕೆ, ರಷ್ಯಾ ಕಡೆ ತಿರುಗಿಸಿ ಅಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗಲ್ಲ ಅಂದ. ಲಕ್ಷಾಂತರ ಜನರ ಸಾಗಾಟಕ್ಕೆ ವರ್ಷವಿಡೀ ಹಾಕಿದ ಲೆಕ್ಕ, ಈಗ ಬದಲಿಸಿದರೆ ಪೂರ್ವಕ್ಕೆ ಹೋಗುವುದು ಸೈನ್ಯವಲ್ಲ, ಬರೀ ಜನರ ಗುಂಪು ಅಂತ ಅವನ ವಾದ. ಪೂರ್ವದ ಕಡೆ ಪೂರ್ತಿ ಸೈನ್ಯ ಕಳಿಸುವ ಬೇರೆ ಯೋಜನೆಯೊಂದನ್ನು ಪ್ರತಿ ವರ್ಷ ತಯಾರಿಸುತ್ತಿದ್ದರು. ಅದನ್ನು 1913ರಲ್ಲಿ ಕೈಬಿಟ್ಟಿದ್ದರು.

ಆದರೆ ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥ ಗ್ರೋನರ್ ಆಮೇಲೆ ಬೇರೆಯದೇ ಹೇಳಿದ. ಮಾಡಬಹುದಿತ್ತು ಅಂದ. ಗಾಡಿ ಓಡಿಸುವವನೇ ಆಗುತ್ತಿತ್ತು ಅನ್ನುತ್ತಾನೆ, ಮೇಲಿನವನು ಆಗಲ್ಲ ಅನ್ನುತ್ತಾನೆ. ಸೋತಮೇಲೆ ತನ್ನ ಇಲಾಖೆಯ ಮಾನ ಉಳಿಸಲು ಗ್ರೋನರ್ ಹಾಗೆ ಹೇಳಿರಬಹುದು, ಅದೂ ನಿಜ. ಆದರೂ ನನಗೆ ನನ್ನದೇ ಒಂದು ರಾತ್ರಿ ನೆನಪಾಯಿತು.

ಮಳೆಗಾಲ. ರಾತ್ರಿ ಎರಡರ ಹೊತ್ತು. ಒಂದು ಸ್ಪೆಷಲ್ ಗಾಡಿಗೆ ದಾರಿ ಕೊಡಿ ಅಂತ ಫೋನ್ ಬಂತು. "ಪಾತ್ ಇಲ್ಲ ಸಾರ್, ಚಾರ್ಟ್ ಬಿಡಲ್ಲ" ಅಂದೆ. ಅವರು ಇಟ್ಟುಬಿಟ್ಟರು. ನಿಜ ಹೇಳಬೇಕೆಂದರೆ ಪಾತ್ ಇತ್ತು. ಎರಡು ಗೂಡ್ಸನ್ನು ಲೂಪಿಗೆ ಹಾಕಿ, ನಾಲ್ಕು ಸ್ಟೇಷನ್ ಮಾಸ್ಟರುಗಳನ್ನು ಎಬ್ಬಿಸಿ, ಬೆಳಿಗ್ಗೆಯ ಪ್ಯಾಸೆಂಜರ್ ಲೇಟ್ ಆಗಿದ್ದಕ್ಕೆ ವಿವರಣೆ ಬರೆದುಕೊಡಬೇಕಿತ್ತು. ನನಗೆ ಬೇಡವಾಗಿತ್ತು. ಹಾಗಾಗಿ ಚಾರ್ಟಿನ ಮೇಲೆ ಹಾಕಿದೆ. ಚಾರ್ಟು ತಿರುಗಿ ಮಾತಾಡಲ್ಲ.

ಮೋಲ್ಟ್ಕೆ ಹೇಳಿದ್ದನ್ನು ಆಮೇಲೆ ಮತ್ತೆ ಓದಿದೆ. ಅವನಿಗೆ ಪಶ್ಚಿಮದ ಯುದ್ಧವೇ ಬೇಕಾಗಿತ್ತು. ಫ್ರಾನ್ಸನ್ನು ಬೆನ್ನ ಹಿಂದೆ ಬಿಟ್ಟು ರಷ್ಯಾಕ್ಕೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಅದು ಅವನ ತೀರ್ಮಾನ, ರೈಲಿನದಲ್ಲ. ರಾತ್ರಿ 11ರ ಹೊತ್ತಿಗೆ ಲಂಡನ್ ಸುದ್ದಿ ತಪ್ಪು ತಿಳುವಳಿಕೆ ಅಂತ ಗೊತ್ತಾಯಿತು, ಕೈಸರ್ ಕೈ ಚೆಲ್ಲಿದ. ಈ ಮಧ್ಯೆ ಲಕ್ಸೆಂಬರ್ಗಿನ ಟ್ರ್ವಾವಿಯರ್ಜ್ ಅನ್ನುವ ಪುಟ್ಟ ರೈಲ್ವೆ ಸ್ಟೇಷನ್ನಿಗೆ ಸಂಜೆ ಏಳಕ್ಕೇ ಜರ್ಮನ್ ತುಕಡಿಯೊಂದು ನುಗ್ಗಿತ್ತು. ಅರ್ಧ ಗಂಟೆಯಲ್ಲಿ ಇನ್ನೊಂದಿಷ್ಟು ಜನ ಕಾರಿನಲ್ಲಿ ಬಂದು, ತಪ್ಪಾಗಿದೆ, ವಾಪಸ್ ನಡೀರಿ ಅಂದರು. ಪಶ್ಚಿಮದ ಯುದ್ಧ ಒಂದು ಜಂಕ್ಷನ್ನಿನಲ್ಲಿ ಶುರುವಾಗಿ ಅಲ್ಲೇ ರದ್ದಾಗಿ, ಮಾರನೇ ದಿನ ಮತ್ತೆ ಶುರುವಾಯಿತು. ಅಂದರೆ ವಾಪಸ್ ಕರೆಸಲು ಬರುತ್ತಿತ್ತು, ಅಲ್ವಾ?

ಜರ್ಮನ್ ಟೈಂಟೇಬಲ್ಲಿನಲ್ಲಿ ಮಾತ್ರ ಒಂದು ವಿಶೇಷವಿತ್ತು. ಬೇರೆ ದೇಶಗಳ ಜಮಾವಣೆ ಗಡಿಯೊಳಗೇ ಮುಗಿಯುತ್ತಿತ್ತು. ಸೈನ್ಯ ಸೇರಿಸಿ, ಕಾಯುತ್ತಾ ಮಾತಾಡಬಹುದಿತ್ತು. ಜರ್ಮನ್ ಯೋಜನೆಯಲ್ಲಿ ಬೆಲ್ಜಿಯಂನ ಲಿಯೇಜ್ ನಗರವನ್ನು ಮೊದಲ ಕೆಲವು ದಿನಗಳಲ್ಲೇ ಹಿಡಿಯಬೇಕಿತ್ತು, ಏಕೆಂದರೆ ಅವರಿಗೆ ಬೇಕಾದ ರೈಲು ಮಾರ್ಗಗಳು ಸೇರುವುದು ಅಲ್ಲೇ. ಅಂದರೆ ಜಮಾವಣೆಯೊಳಗೇ ಪಕ್ಕದ ಮನೆ ಬಾಗಿಲು ಒಡೆಯುವುದೂ ಸೇರಿತ್ತು. ಇದು ಚಾನ್ಸಲರ್‌ಗೇ ಜುಲೈ ಕೊನೆಯವರೆಗೂ ಗೊತ್ತಿರಲಿಲ್ಲ. ಯಾರಾದರೂ ಕೂತು ಹಾಗೆ ಬರೆದಿದ್ದರಿಂದ ತಾನೇ ಟೈಂಟೇಬಲ್ ಹಾಗಿದ್ದದ್ದು?

ಆಸ್ಟ್ರಿಯಾದಲ್ಲಿ ಇದಕ್ಕಿಂತ ತಮಾಷೆ. ಅವರ ಮುಖ್ಯ ಸೇನಾಪತಿ ಕಾನ್ರಾಡ್ ಬಳಿ ಒಂದು ಮೀಸಲು ಪಡೆ ಇತ್ತು. ಸರ್ಬಿಯಾಕ್ಕಾದರೂ ಕಳಿಸಬಹುದು, ರಷ್ಯಾ ಬಂದರೆ ಅದರ ಗಡಿಯಲ್ಲಿದ್ದ ಗಲೀಷಿಯಾಕ್ಕಾದರೂ ಕಳಿಸಬಹುದು. ಅದನ್ನು ದಕ್ಷಿಣಕ್ಕೆ, ಸರ್ಬಿಯಾ ಕಡೆ ಹತ್ತಿಸಿಬಿಟ್ಟ. 31ಕ್ಕೆ ರಷ್ಯಾ ಬರುವುದು ಖಾತ್ರಿಯಾದಾಗ ತಿರುಗಿಸಿ ಅಂದ. ರೈಲ್ವೆ ವಿಭಾಗದ ಸ್ಟ್ರಾಬ್ ಕೈ ಮುಗಿದ. ಈಗ ತಿರುಗಿಸಿದರೆ ಎಲ್ಲ ಕೆಡುತ್ತದೆ, ಮೊದಲು ಸರ್ಬಿಯಾ ಗಡಿಗೆ ಹೋಗಿ ಇಳಿಯಲಿ, ಆಮೇಲೆ ವಾಪಸ್ ಹತ್ತಿಸೋಣ ಅಂದ. ಹಾಗೇ ಆಯಿತು. ಆ ಸೈನ್ಯ ಡಾನ್ಯೂಬ್ ದಂಡೆಗೆ ಹೋಗಿ ಇಳಿಯಿತು. ಸರ್ಬಿಯಾದವರು ಚೆರ್ ಬೆಟ್ಟದಲ್ಲಿ ಆಸ್ಟ್ರಿಯನ್ನರನ್ನು ಸೋಲಿಸುವ ಹೊತ್ತಿಗೆ ಅದರ ಹೆಚ್ಚಿನ ಭಾಗ ಮತ್ತೆ ಗಾಡಿ ಹತ್ತುತ್ತಿತ್ತು. ಗಲೀಷಿಯಾಕ್ಕೆ ತಡವಾಗಿ ಮುಟ್ಟಿತು. ಅಲ್ಲೂ ಸೋಲು, ಸೆಪ್ಟೆಂಬರ್ ಮೊದಲಲ್ಲೇ ಲೆಂಬರ್ಗ್ ನಗರ ಕೈತಪ್ಪಿತು. ಅವರ ಚಾರ್ಟಿನಲ್ಲಿ ಎಲ್ಲ ಗಾಡಿಗೂ ಒಂದೇ ವೇಗ, ಅದೂ ಅತೀ ನಿಧಾನದ ಗಾಡಿಯ ವೇಗ. ಸ್ಟ್ರಾಬ್ ಮೇಲೆ ನನಗೆ ಅರ್ಧ ಕನಿಕರ, ಅರ್ಧ ಅನುಮಾನ. ಅವನಿಗೂ ಆ ರಾತ್ರಿ ಸ್ಟೇಷನ್ ಮಾಸ್ಟರುಗಳನ್ನು ಎಬ್ಬಿಸಲು ಇಷ್ಟವಿರಲಿಲ್ಲವೇನೋ.

ಚಾರ್ಟಿನಿಂದ ಇನ್ನೊಂದು ಲಾಭವಾಯಿತು. ಸುಳ್ಳು ಸಿಕ್ಕಿಬೀಳುತ್ತದೆ. ಫ್ರಾನ್ಸಿನ ಹಳದಿ ಪುಸ್ತಕದಲ್ಲಿ ಜುಲೈ 31ರ ಒಂದು ಟೆಲಿಗ್ರಾಂ ಇದೆ. ಆಸ್ಟ್ರಿಯಾ ಪೂರ್ತಿ ಜಮಾವಣೆ ಮಾಡಿದ್ದರಿಂದ ರಷ್ಯಾವೂ ಮಾಡಿದೆ ಅಂತ ಪೀಟರ್ಸ್‌ಬರ್ಗಿನಿಂದ ಅವರ ರಾಯಭಾರಿ ಬರೆದಂತಿದೆ. ಚಾರ್ಟಿನಲ್ಲಿ ಹಾಕಿದೆ. ಗೆರೆ ಕೂರಲಿಲ್ಲ. ರಷ್ಯಾದ ಆಜ್ಞೆ 30ರ ಸಂಜೆ, ಆಸ್ಟ್ರಿಯಾದ್ದು 31ಕ್ಕೆ. ಮೊದಲು ಬಂದ ಗಾಡಿ ಆಮೇಲೆ ಬಂದ ಗಾಡಿಯನ್ನು ಹಿಂಬಾಲಿಸಲು ಹೇಗಾಗುತ್ತದೆ? ಹುಡುಕಿದಾಗ ಗೊತ್ತಾಯಿತು, ರಾಯಭಾರಿ ನಿಜವಾಗಿ ಕಳಿಸಿದ್ದು ಜಮಾವಣೆ ಆಜ್ಞೆ ಆಗಿದೆ ಅನ್ನುವ ಒಂದೇ ಸಾಲು. ಉಳಿದದ್ದನ್ನು ಅಚ್ಚಿಗೆ ಹೋಗುವಾಗ ಪ್ಯಾರಿಸ್ಸಿನಲ್ಲಿ ಸೇರಿಸಿದ್ದರು. ಇಷ್ಟು ದೊಡ್ಡ ವಿಷಯದಲ್ಲಿ ರಿಜಿಸ್ಟರ್ ತಿದ್ದುವುದು ಅಂದರೆ!

ಪಠ್ಯಪುಸ್ತಕದ ಉಳಿದ ಕಾರಣಗಳನ್ನು, ಅಂದರೆ ಒಪ್ಪಂದಗಳು, ಶಸ್ತ್ರಾಸ್ತ್ರ ಪೈಪೋಟಿ, ಬಾಲ್ಕನ್ ಜಗಳ ಇವನ್ನೆಲ್ಲ, ನಾನು ಕೊನೆಗೆ ಓದಿದೆ. ಎಲ್ಲರೂ ಮೊದಲು ಓದುತ್ತಾರೆ. ಕೊನೆಗೆ ಓದಿದ್ದು ಒಳ್ಳೆಯದಾಯಿತು. 1879ರಿಂದ ಜರ್ಮನಿ–ಆಸ್ಟ್ರಿಯಾ, 1894ರಿಂದ ಫ್ರಾನ್ಸ್–ರಷ್ಯಾ ಒಪ್ಪಂದ. ಇವು ನಮ್ಮ ಕ್ಯಾಬಿನ್ನಿನ ಇಂಟರ್‌ಲಾಕಿಂಗ್ ಇದ್ದಂತೆ, ಒಂದು ಲಿವರ್ ಎಳೆದರೆ ಉಳಿದವು ತಾವಾಗಿ ಬೀಳುತ್ತವೆ ಅಂತ ಓದಿದ್ದೆ. ಹಾಗಿದ್ದರೆ ಇಟಲಿಯ ಲಿವರ್ ಯಾಕೆ ಬೀಳಲಿಲ್ಲ? ಅದೂ ಜರ್ಮನಿ, ಆಸ್ಟ್ರಿಯಾ ಜೊತೆ 1882ರಿಂದ ಒಪ್ಪಂದದಲ್ಲಿತ್ತು. ಆಗಸ್ಟ್ ಬಂದಾಗ ನಮಗೆ ಸಂಬಂಧವಿಲ್ಲ ಅಂದುಬಿಟ್ಟಿತು. ಬ್ರಿಟನ್ನಿಗೆ ಫ್ರಾನ್ಸಿನ ಪರ ಯುದ್ಧಕ್ಕೆ ಇಳಿಯಲೇಬೇಕು ಅನ್ನುವ ಬರಹದ ಕರಾರೇ ಇರಲಿಲ್ಲ, ಅದು ಇಳಿಯಿತು. ಪ್ರತಿ ಲಿವರಿನ ಹಿಂದೆಯೂ ಒಬ್ಬ ಮನುಷ್ಯ ನಿಂತಿದ್ದ. ಯಾರ ಪಾಲು ಎಷ್ಟು ಅಂದರೆ, ವಿಯೆನ್ನಾ ಮತ್ತು ಬರ್ಲಿನ್ ಮೇಲೆ ನಾನು ಜಾಸ್ತಿ ಹಾಕುತ್ತೇನೆ. ಪೀಟರ್ಸ್‌ಬರ್ಗ್ ಮೇಲೆ ಸ್ವಲ್ಪ. ಇದಕ್ಕೆ ಜಗಳವಾಡುವವರು ಇವತ್ತಿಗೂ ಇದ್ದಾರೆ, ಬರಲಿ.

ಆಗಸ್ಟ್ 4, ಲಂಡನ್ ರಾತ್ರಿ 11, ಬರ್ಲಿನ್ ರಾತ್ರಿ 12. ಬೆಲ್ಜಿಯಂ ತಂಟೆಗೆ ಹೋಗಬೇಡಿ ಅಂತ ಬ್ರಿಟನ್ ಜರ್ಮನಿಗೆ ಕೊಟ್ಟ ಗಡುವು ಮುಗಿಯಿತು. ಭಾರತವನ್ನು ಯಾರೂ ಕೇಳಲಿಲ್ಲ, ಅದೂ ಯುದ್ಧಕ್ಕೆ ಇಳಿದಂತಾಯಿತು. ಸೆಪ್ಟೆಂಬರ್ ಕೊನೆಗೆ ಭಾರತದ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯುತ್ತಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಅಕ್ಟೋಬರಿನಲ್ಲಿ ಸೂಯೆಜ್ ಕಡೆ ಹೊರಟರು. ಇದನ್ನು ಹೇಳಿದಾಗ ಮೊಮ್ಮಗಳು ಮೊದಲ ಸಲ ಎದ್ದು ಬಂದು ಚಾರ್ಟ್ ನೋಡಿದಳು.

ಇಲ್ಲಿಂದ ಎರಡನೇ ಸುರುಳಿ. ಈಗ ಟೆಲಿಗ್ರಾಂ ಬದಲು ಸೈನ್ಯಗಳೇ ಗೆರೆ. ಉದ್ದಕ್ಕೆ ಊರುಗಳು: ಕಲೋನ್, ಲಿಯೇಜ್, ಬ್ರಸೆಲ್ಸ್, ಆಗಸ್ಟ್ 23ಕ್ಕೆ ಬ್ರಿಟಿಷರು ಕಾದಾಡಿದ ಮಾನ್ಸ್, ಆಮೇಲೆ ಪ್ಯಾರಿಸ್ ಹತ್ತಿರದ ಮಾರ್ನ್ ನದಿ. ಕಲೋನಿನ ಹೊಹೆನ್ಸೊಲರ್ನ್ ಸೇತುವೆಯ ಮೇಲೆ ಆಗಸ್ಟ್ 2ರಿಂದ 18ರವರೆಗೆ 2,150 ಸೈನಿಕ ರೈಲುಗಳು ದಾಟಿದವು. ಸರಾಸರಿ ಸುಮಾರು ಹನ್ನೊಂದು ನಿಮಿಷಕ್ಕೊಂದು. ಈ ಅಂಕಿಯನ್ನು ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ನಮ್ಮ ಸಿಂಗಲ್ ಲೈನಿನಲ್ಲಿ ದಿನಕ್ಕೆ ಇಪ್ಪತ್ತೈದು ಗಾಡಿ ಹೋದರೆ ಬೆವರು ಬರುತ್ತಿತ್ತು.

ಅಷ್ಟು ಚೆನ್ನಾಗಿ ಶುರುವಾದದ್ದು ಹಳಿ ಮುಗಿದಲ್ಲಿ ಕುಸಿಯಿತು. ಲಿಯೇಜಿನ ಕೋಟೆಗಳು 16ರವರೆಗೂ ತಡೆದವು. ಕೊನೆಗೆ 42 ಸೆಂಟಿಮೀಟರ್ ತೋಪು ತಂದು ಒಡೆಯಬೇಕಾಯಿತು. ಬೆಲ್ಜಿಯನ್ನರು ಸುರಂಗ, ಸೇತುವೆ ಕೆಡವಿಕೊಂಡು ಹಿಂದೆ ಸರಿದರು. ಜರ್ಮನ್ ಬಲಪಕ್ಕದ ತುದಿಯಲ್ಲಿದ್ದ ಜನರಲ್ ಕ್ಲುಕ್‌ನ ಮೊದಲನೇ ಸೈನ್ಯ ನಡೆದುಕೊಂಡೇ ಹೋಗುತ್ತಿತ್ತು, ದಿನಕ್ಕೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಅವನ ಬಳಿ 84,000 ಕುದುರೆಗಳಿದ್ದವು. ಅವಕ್ಕೆ ದಿನಕ್ಕೆ ಸುಮಾರು 900 ಟನ್ ಮೇವು ಬೇಕು. ಮಾರ್ನ್ ತಲುಪುವಾಗ ಅವನ ಕೊನೆಯ ರೈಲ್ವೆ ಸ್ಟೇಷನ್ ನೂರು ಕಿಲೋಮೀಟರಿಗೂ ಹಿಂದೆ. ನಡುವೆ ಎತ್ತಿಕೊಂಡು ಬರಲು ಕುದುರೆ ಗಾಡಿ, ಕೆಟ್ಟು ನಿಂತ ಲಾರಿ. ಕುದುರೆಗಳು ಹೊಲದ ಹಸಿ ಪೈರು ತಿಂದು ಬಿದ್ದವು.

ಫ್ರಾನ್ಸಿನ ಕಡೆ ಮೊದಲು ಅನಾಹುತ. ಆಗಸ್ಟ್ 22 ಒಂದೇ ದಿನ ಸುಮಾರು 27,000 ಫ್ರೆಂಚ್ ಸೈನಿಕರು ಸತ್ತರು. ಚಾರ್ಟಿನಲ್ಲಿ ಆ ದಿನಕ್ಕೆ ಏನು ಗುರುತು ಹಾಕುವುದು ಅಂತ ತಿಳಿಯದೆ ತಾರೀಖಿನ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಚೌಕ ಹಾಕಿ ಬಿಟ್ಟೆ. ಆದರೆ ಅವರ ಹಳಿಗಳು ಅವರ ಬೆನ್ನ ಹಿಂದೆಯೇ ಇದ್ದವು. ಹಿಂದೆ ಸರಿದಷ್ಟೂ ಸ್ಟೇಷನ್ ಹತ್ತಿರ. ಸೇನಾಪತಿ ಜೋಫ್ರ್ ಅಲ್ಸೇಸ್ ಕಡೆಯಿಂದ ಪಡೆಗಳನ್ನು ರೈಲಿನಲ್ಲಿ ಪ್ಯಾರಿಸ್ ಕಡೆಗೆ ತಂದು ಹೊಸ ಆರನೇ ಸೈನ್ಯ ಕಟ್ಟಿದ. ಮಾರ್ನ್ ಕಾಳಗ ಅಂದರೆ ಜನ, ಸೈನಿಕರನ್ನು ಹೊತ್ತೊಯ್ದ ಪ್ಯಾರಿಸ್ಸಿನ ಟ್ಯಾಕ್ಸಿ ಅನ್ನುತ್ತಾರೆ. ಸುಮಾರು 600 ಟ್ಯಾಕ್ಸಿ, ಕೆಲವು ಸಾವಿರ ಸೈನಿಕರು. ಒಳ್ಳೆ ಕಥೆ. ಕೆಲಸ ಮಾಡಿದ್ದು ರೈಲು. ಇಲ್ಲಿ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ.

ಪೂರ್ವದಲ್ಲಿ ಗೇಜ್ ಸಮಸ್ಯೆ. ರಷ್ಯಾದ ಹಳಿ ಅಗಲ, ಜರ್ಮನಿಯದು ಕಿರಿದು. ಗಡಿ ದಾಟಿದ ರಷ್ಯನ್ನರ ಗಾಡಿಗಳು ಮುಂದೆ ಹೋಗುವಂತಿರಲಿಲ್ಲ. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಮೂಟೆ ಹೊತ್ತು ಹಾಕುತ್ತಿದ್ದ ಕಾಲ ನೋಡಿದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅದೇ ಹೊತ್ತಿಗೆ ಜರ್ಮನರು ಒಂದು ಪೂರ್ತಿ ದಳವನ್ನು ರೈಲಿನಲ್ಲಿ ಸುತ್ತಿಸಿ ತಂದು ರಷ್ಯಾದ ಜನರಲ್ ಸ್ಯಾಮ್ಸೊನೊವ್‌ನ ಸೈನ್ಯದ ಪಕ್ಕಕ್ಕೆ ಇಳಿಸಿದರು. ರಷ್ಯನ್ನರು ವೈರ್‌ಲೆಸ್ಸಿನಲ್ಲಿ ಗುಪ್ತಲಿಪಿಯಿಲ್ಲದೆ ಮಾತಾಡುತ್ತಿದ್ದರು, ಜರ್ಮನರು ಕೇಳಿಸಿಕೊಳ್ಳುತ್ತಿದ್ದರು. ಆಗಸ್ಟ್ 30ಕ್ಕೆ ಟ್ಯಾನೆನ್‌ಬರ್ಗ್ ಕಾಳಗ ಮುಗಿಯಿತು, ರಷ್ಯನ್ನರು ಸೋತರು. ಸ್ಯಾಮ್ಸೊನೊವ್ ಕಾಡಿನಲ್ಲಿ ಗುಂಡು ಹಾರಿಸಿಕೊಂಡ. ಗಾಬರಿಯಲ್ಲಿ ಮೋಲ್ಟ್ಕೆ ಪಶ್ಚಿಮದಿಂದ ಎರಡು ದಳಗಳನ್ನು ಪೂರ್ವಕ್ಕೆ ಕಳಿಸಿದ್ದ. ಅವು ಮುಟ್ಟುವಷ್ಟರಲ್ಲಿ ಅಲ್ಲಿ ಕೆಲಸ ಮುಗಿದಿತ್ತು, ಇಲ್ಲಿ ಮಾರ್ನಿನಲ್ಲಿ ಅವು ಇರಲಿಲ್ಲ. ಸೈನ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಲು ಆಗುವುದೇ ಇಲ್ಲ ಅಂದವನು ಇವನೇ ಅಲ್ವಾ ಅಂತ ಪಕ್ಕದಲ್ಲಿ ಬರೆದಿಟ್ಟೆ. ಎರಡು ದಳ ಬೇರೆ, ಏಳು ಸೈನ್ಯ ಬೇರೆ ಅನ್ನುತ್ತಾರೆ ತಿಳಿದವರು. ಸರಿ, ಆದರೂ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 9ಕ್ಕೆ ಜರ್ಮನರು ಮಾರ್ನಿನಿಂದ ಹಿಂದೆ ಸರಿದರು. ಚಾರ್ಟಿನಲ್ಲಿ ಗೆರೆಗಳೆಲ್ಲ ಮೊದಲ ಸಲ ತಿರುಗಿ ಮೇಲಕ್ಕೆ ಹೋಗುತ್ತವೆ. 13, 14ರ ಹೊತ್ತಿಗೆ ಎಯ್ನ್ ನದಿ ದಾಟಿದ ಎತ್ತರದಲ್ಲಿ ನಿಂತು ಕಂದಕ ತೋಡಿದರು. ಆಮೇಲೆ ಒಬ್ಬರನ್ನೊಬ್ಬರು ಪಕ್ಕದಿಂದ ಸುತ್ತುವರಿಯಲು ಉತ್ತರಕ್ಕೆ ಓಡಿದರು, ಸಮುದ್ರ ಬರುವವರೆಗೂ. ನವೆಂಬರ್ ಮುಗಿಯುವಾಗ ಗೆರೆಗಳು ಒಂದೊಂದಾಗಿ ಅಡ್ಡಕ್ಕೆ ಮಲಗಿದವು.

ಮೊಮ್ಮಗಳು ಬೆರಳಿಟ್ಟು ಕೇಳಿದಳು. "ಇದೇನು ತಾತಾ, ಇಲ್ಲಿಂದ ಎಲ್ಲಾ ಸ್ಟ್ರೇಟ್ ಲೈನು?"

"ಗಾಡಿ ನಿಂತಿದೆ ಅಂತ ಕಣಮ್ಮ."

"ಎಷ್ಟು ಹೊತ್ತು?"

ಸುರುಳಿಯ ಕಾಗದ ನವೆಂಬರಿಗೇ ಮುಗಿದಿತ್ತು. ಇದೇ ಅಳತೆಯಲ್ಲಿ 1918ರವರೆಗೆ ಎಳೆದರೆ ಎಷ್ಟು ಉದ್ದ ಬೇಕು ಅಂತ ಇಬ್ಬರೂ ಟೇಪ್ ಹಿಡಿದು ಲೆಕ್ಕ ಹಾಕಿದೆವು. ಹಾಲು ದಾಟಿ, ಅಂಗಳ ದಾಟಿ, ಗೇಟಿನ ಹೊರಗೆ ಮೋರಿವರೆಗೂ ಹೋಯಿತು.